ಹನುಮಪ್ಪನ ಹೆಗಲಿನ ಬೆಣ್ಣೆ

ಧನಶ್ರೀ ತಣ್ಣೀರಿನ ಬೋಗುಣಿಯಲ್ಲಿ ಬೆಣ್ಣೆ ತೊಳೆಯುತ್ತಿದ್ದಳು. ಮಡಿಯಲ್ಲಿದ್ದುದರಿಂದ ಮಾತಿಲ್ಲ. ಅದುಮಿದಂತೆಲ್ಲ ಬೆಣ್ಣೆ ಹಳದಿಯಾಗಿ, ನುಣ್ಣಗೆ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅಜ್ಜಿ ಬಿಸಿ ರೊಟ್ಟಿಯ ಮೇಲೆ ಬೆರಳಿನಿಂದಲೇ ಸವರಿ ಕೊಡುತ್ತಿದ್ದ ಬೆಣ್ಣೆ ಥೇಟ್ ಇದೇ. ಅಜ್ಜಿಯ ಜೊತೆಗೇ ಹೋಗಿಬಿಟ್ಟಿತೆಂದುಕೊಂಡಿದ್ದದ್ದು ಮತ್ತೆ ಮನೆಗೆ ಬಂದಿತ್ತು.

ಅಜ್ಜಿ ಹೋದ ಮೇಲೆ ಕೋರಾಡಿಯ ಮನೆಯ ಹಿತ್ತಲಲ್ಲಿದ್ದ ಆಕಳು ತುಂಗಾ ಧನಶ್ರೀಯೊಬ್ಬಳಿಗೇ ಬೇಕಾಗಿತ್ತು. ಅಮ್ಮ ಕೃಷ್ಣವೇಣಿಗೆ ಬ್ಯಾಂಕಿನ ಕೆಲಸ. ಕೊಟ್ಟಿಗೆಯ ಕಡೆ ತಲೆ ಹಾಕಿದವಳಲ್ಲ. "ಮಧ್ವನವಮಿ ಸೇವಾ ಚಲೋ ಆಗಲಿ, ಆಕಳ ಇಟ್ಕೊಳ್ಳೋಣು. ಇಲ್ಲಂದ್ರ ದತ್ತು ಗೌಳ್ಯಾಗ ಕೊಟ್ಟಬಿಡೋದ," ಎಂದಿದ್ದಳು. ನವಮಿಯಂದು ಮಠದ ಹನುಮಪ್ಪನ ಮೈತುಂಬ ಹಚ್ಚುವ ಬೆಣ್ಣೆ ಈ ಮನೆಯದೇ. ಅಜ್ಜಿ ನಡೆಸಿಕೊಂಡು ಬಂದ ಸೇವೆ ಅದು. ಆಕಳು ತಿನ್ನುವ ಹಿಂಡಿ ಹೇಗೋ ಬೆಣ್ಣೆ ಹಾಗೆ ಎಂದು ಅಜ್ಜಿ ಹೇಳುತ್ತಿದ್ದಳು. ಅದಕ್ಕೇ ಧನಶ್ರೀ ಇತವಾರಿ ಪೇಟೆಯ ಕೈಗಾಡಿಗಳ ನಡುವೆ ನುಸುಳಿ, ಅಜ್ಜಿ ಹಾಕುತ್ತಿದ್ದ ಅಗಸೆ ಹಿಂಡಿಯನ್ನೇ ಹುಡುಕಿ ತಂದಿದ್ದಳು.

ಮಠದಲ್ಲಿ ಬಿಂದುಮಾಧವಾಚಾರ್ಯರು ಮೊದಲ ಮುದ್ದೆಯನ್ನು ಹನುಮಪ್ಪನ ಹೆಗಲಿಗೆ ಒತ್ತಿದರು. ಜಾರಿತು. ಮತ್ತೆ ಒತ್ತಿದರು. ದೀಪಗಳ ಕಾವಿಗೆ ತೋಳಿನಗುಂಟ ಇಳಿದು ಪೀಠದ ಮೇಲೆ ಬಿತ್ತು.

"ಏನವಾ ಧನಶ್ರೀ, ಹನುಮಪ್ಪನಕಿಂತ ನಿಮ್ಮ ಬೆಣ್ಣೀನ ಜಲ್ದಿ ಜಿಗೀಲಿಕತ್ತದ!"

ನಿಂತವರು ನಕ್ಕರು. ಧನಶ್ರೀ ತಲೆ ತಗ್ಗಿಸಿದಳು.

"ತುಂಗಾಗ ಏನ ಹಾಕಿದ್ದಿ?"

"ಅಗಸಿ ಹಿಂಡಿ, ಆಚಾರ್ರ. ಅಜ್ಜಿ ಹಾಕ್ತಿದ್ದಳಲ್ರಿ."

"ಅಯ್ಯ ಹುಚ್ಚಿ! ನವಮಿ ಹತ್ರ ಬಂತಂದ್ರ ಆಕಿ ಅಗಸಿ ಬಿಡಿಸಿ ಹತ್ತಿಕಾಳಿನ ಹಿಂಡಿ ಹಾಕ್ತಿದ್ದಳು. ಅದರ ಬೆಣ್ಣಿ ಬೆಳ್ಳಗ, ಕಲ್ಲಿನಂಗ ನಿಲ್ತದ. 'ಗಟ್ಟೀದು ದೇವರಿಗೆ, ಮೆತ್ತಂದು ನನ್ನ ಮೊಮ್ಮಗಳಿಗೆ' ಅಂತಿದ್ದಳು."

ಆ ಗಟ್ಟಿ ಬೆಣ್ಣೆ ಧನಶ್ರೀಗೆ ಗೊತ್ತೇ ಇರಲಿಲ್ಲ. ದೇವರ ಪಾಲಿನದನ್ನು ಅಜ್ಜಿ ಅವಳಿಗೆ ಮುಟ್ಟಗೊಟ್ಟಿರಲಿಲ್ಲ. ರೊಟ್ಟಿಯ ಮೇಲೆ ಕರಗುತ್ತಿದ್ದುದಷ್ಟೇ ಅವಳ ನಾಲಗೆಗೆ ನೆನಪು.

ಆಚಾರ್ಯರು ಅಂಗಡಿಯಿಂದ ಬಿಳಿ ಬೆಣ್ಣೆ ತರಿಸಿದರು. ಅದು ಹೆಗಲ ಮೇಲೆ ನಿಂತಿತು, ಬಾಲದ ತುದಿಯಲ್ಲೂ ನಿಂತಿತು. "ಮುಂದಿನ ಸಲ ನಾವೂ ಅಂಗಡೀದ ತಂದುಕೊಡ್ತೀವ್ರಿ. ಬರೋಬರ್ ಆಗ್ತದ," ಎಂದಳು ಅಮ್ಮ. ಆಚಾರ್ಯರು ಆಗಲಿ ಎಂದರು.

ಕೋರಾಡಿ ಬಸ್ಸು ಊರು ದಾಟಿತು. ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು. ಅಮ್ಮ ದತ್ತು ಗೌಳಿಯ ನಂಬರು ಹುಡುಕಿ, ಫೋನನ್ನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಆ ತುದಿಯಲ್ಲಿ ರಿಂಗಾಗುತ್ತಿರುವುದು ಪಕ್ಕದಲ್ಲಿದ್ದ ಧನಶ್ರೀಗೂ ಕೇಳುತ್ತಿತ್ತು.

"ಅಮ್ಮ, ತುಂಗಾನ್ನ ಕೊಡಬ್ಯಾಡ."