ಹನ್ನೆರಡನೇ ರೂಮು

ಕೆಡವಿದ ವಸತಿಗೃಹವೊಂದರ ಏಳು ಹಳೇ ಬಾಗಿಲುಗಳು ಹಿತ್ತಲಿಗೆ ಬಂದಿಳಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಣ್ಣ ಬಡಗಿ, ನಲವತ್ತು ವರ್ಷ ಬಾಗಿಲು ಬಿಟ್ಟು ಬೇರೇನೂ ಮಾಡಿದವನಲ್ಲ. ಒಂದೊಂದನ್ನೇ ತಟ್ಟಿ ನೋಡಿ, "ಗಟ್ಟಿ ಮರ ಕಣೇ! ನಾವು ಹೋದಮೇಲೂ ಇರುತ್ತೆ," ಅಂದ.

"ಹೋಗೋದು ಆಮೇಲೆ. ಭಾನುವಾರದೊಳಗೆ ಗೂಡು ಎಬ್ಬಿಸಿ ನಿಲ್ಲಿಸು," ಅಂದೆ.

ಅವಸರವೆಲ್ಲ ಅಕ್ಕನಿಗಾಗಿ. ಬೆನ್ನಿಗೆ ಪೆಟ್ಟಾಗಿ ಅವಳು ಗಾಲಿಕುರ್ಚಿ ಹಿಡಿದು ಎಂಟು ತಿಂಗಳು. ನಾನು ತಳ್ಳಿದ ಕಡೆ ಅವಳು. ಇಷ್ಟು ದಿನದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ: "ಹಿತ್ತಲಲ್ಲಿ ಒಂದು ನೆರಳು ಮಾಡ್ಕೊಡಿ. ನಾನೇ ಹೋಗಿ ಕೂರ್ತೀನಿ. ಯಾರೂ ತಳ್ಳಬಾರದು."

ನಾನು ಮೊಳೆ ಕೀಳಲು ಕೂತೆ. ಹಾಳಾದವು, ಜಪ್ಪಯ್ಯ ಅಂದರೂ ಜಗ್ಗಲೊಲ್ಲವು! ಶಾಪ ಹಾಕುತ್ತಲೇ ಒಂದು ಡಬ್ಬಿ ತುಂಬಿಸಿದೆ. "ನಿನ್ನ ಬಾಯಿಗೆ ಹೆದರಿಯೇ ಈಚೆ ಬರ್ತಿವೆ," ಎಂದು ಅಣ್ಣ ನಕ್ಕ. ನಾಲ್ಕು ಕಂಬ ಹೂತ. ಹಿಂದಕ್ಕೆ ಎರಡು ಬಾಗಿಲು, ಪಕ್ಕಕ್ಕೆ ಒಂದೊಂದು, ತಲೆಯ ಮೇಲೆ ಮೂರು. ಒಂದರ ಮೇಲೆ ಹನ್ನೆರಡು ಎಂಬ ತಗಡಿನ ಅಂಕಿ ಹಾಗೇ ಉಳಿಯಿತು. ಅಯ್ಯೋ, ಏನು ಚೆಂದ ನಿಂತಿತ್ತು ಅದು!

ಭಾನುವಾರ ಬೆಳಗ್ಗೆ ಅಕ್ಕ ಹಿತ್ತಲಿಗೆ ಬಂದಳು. ತಾನೇ ಗಾಲಿ ತಿರುಗಿಸಿಕೊಂಡು, ಬೆವರುತ್ತಾ, ಗೂಡಿನ ಎದುರಿಗೆ ಬಂದು ಟಕ್ಕೆಂದು ನಿಂತಳು.

ಒಳಗೆ ಹೋಗುವ ಕಡೆ, ಮುಂದಿನ ಎರಡು ಕಂಬಗಳ ನಡುವೆ ನಾಲ್ಕು ಬೆರಳೆತ್ತರದ ಹೊಸ್ತಿಲು! ಬಾಗಿಲು ಕಂಡರೆ ಅಣ್ಣನ ಕೈ ಹೊಸ್ತಿಲು ಕೂರಿಸದೆ ಬಿಡುವುದಿಲ್ಲ. ಅವನನ್ನೇಕೆ ಅನ್ನಲಿ, ನಾನೂ ಅದನ್ನು ಇಪ್ಪತ್ತು ಸಲ ದಾಟಿದ್ದೆ. ನಡೆಯುವ ಕಾಲಿಗೆ ಅದೆಲ್ಲಿ ಗೊತ್ತಾಗುತ್ತದೆ?

"ಎತ್ತಿ ದಾಟಿಸ್ತೀನಿ," ಎಂದು ನಾನು ಕುರ್ಚಿಗೆ ಕೈ ಹಾಕಿದೆ.

"ಮುಟ್ಟಬೇಡ!" ಅಕ್ಕನ ಕಣ್ಣು ತುಂಬಿತ್ತು.

ಅಣ್ಣನ ಮುಖ ಇಷ್ಟು ಸಣ್ಣದಾಯಿತು. ಕೊಡತಿ ತಂದು ಎಡಕ್ಕೆ ಎರಡು, ಬಲಕ್ಕೆ ಎರಡು ಏಟು ಹಾಕಿದ. ಹೊಸ್ತಿಲು ಕಿತ್ತು ಬಂತು. ಕಂಬ ಅಲ್ಲಾಡಲಿಲ್ಲ. ಕೆಳಗಿನ ಮಣ್ಣನ್ನು ಅಂಗೈಯಿಂದಲೇ ಸವರಿ ಸಮ ಮಾಡಿ, "ಈಗ ಬಾ ಅಕ್ಕಾ," ಅಂದ.

ಗಾಲಿ ಉರುಳಿತು. ಅಕ್ಕ ಒಳಗೆ ಹೋದಳು, ಒಂದು ಸುತ್ತು ತಿರುಗಿದಳು, ತಗಡಿನ ಅಂಕಿ ಮುಟ್ಟಿ ನೋಡಿದಳು. ನಾವಿಬ್ಬರೂ ಹಿಂದೆಯೇ ನುಗ್ಗಿದೆವು.

"ಯಾರು ಕರೆದ್ರು ನಿಮ್ಮನ್ನ? ಇದು ನನ್ನ ರೂಮು. ನಡೀರಿ ಹೊರಗೆ! ಕರೆದಾಗ ಬನ್ನಿ."

ಎಂಟು ತಿಂಗಳ ಮೇಲೆ ಅಕ್ಕ ಮೊದಲಿನ ಹಾಗೆ ನಮ್ಮನ್ನು ಗದರಿದ್ದಳು. ಅಣ್ಣ ಹೊಸ್ತಿಲನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಲಲ್ಲಿ ನಿಂತ. ಖುಷಿ ತಡೆಯಲಾರದೆ ನಾನು ಅವನ ಬೆನ್ನಿಗೊಂದು ಗುದ್ದಿದೆ.