ಎಂಬತ್ತು ಮೀಟರ್ ನೀರು

ಸಿದ್ದಲಿಂಗೇಶನಿಗೆ ಸ್ವಂತ ರಿಗ್ ಇರಲಿಲ್ಲ. ಹನ್ನೆರಡು ವರ್ಷದಿಂದ ಅವನು ರಾಣೆಬೆನ್ನೂರಿನಲ್ಲಿ ಬೋರ್‌ವೆಲ್ ಏಜೆಂಟ್. ಹೊಲದವರಿಗೆ ರಿಗ್ ಲಾರಿ ಗೊತ್ತು ಮಾಡಿಕೊಡುವುದು, ಲಾರಿಯವರಿಗೆ ಹೊಲದ ದಾರಿ ತೋರಿಸುವುದು, ಫೂಟಿಗೆ ಇಷ್ಟು ಎಂದು ಕಮಿಷನ್ ತೆಗೆದುಕೊಳ್ಳುವುದು, ಇಷ್ಟೇ ಕೆಲಸ. ನೀರು ಬಿದ್ದರೆ ಹೆಸರು ನೀರಿನ ಜಾಗ ನೋಡಿ ಪಾಯಿಂಟ್ ಹಾಕಿದವನಿಗೆ, ದುಡ್ಡು ರಿಗ್ ಮಾಲಕನಿಗೆ. ನೀರು ಬೀಳದಿದ್ದರೆ ಬೈಗುಳ ಪೂರ್ತಿ ಸಿದ್ದಲಿಂಗೇಶನಿಗೆ.

ಈ ವರ್ಷ ಅದು ಬದಲಾಗುವುದಿತ್ತು. ರಿಗ್ ಡ್ರೈವರ್ ನಯಾಜ ಒಂದು ಹಳೆಯ ಲಾರಿ ಹುಡುಕಿದ್ದ. ಇಬ್ಬರೂ ಅರ್ಧರ್ಧ ಹಾಕಿ ಕೊಳ್ಳುವುದೆಂದು ಮಾತಾಗಿತ್ತು. ಅರ್ಧಕ್ಕೆ ಹನ್ನೆರಡು ಲಕ್ಷ. ಸಿದ್ದಲಿಂಗೇಶ ಮತ್ತು ಅವನ ಹೆಂಡತಿ ಭುವನಾ ಸೇರಿ ಒಂಬತ್ತು ಲಕ್ಷ ಕೂಡಿಸಿದ್ದರು. ಹೆಚ್ಚಿನ ಪಾಲು ಭುವನಾಳದು. ಅವಳು ಬೀಜದ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್. ಇನ್ನು ಮೂರು ಲಕ್ಷ ಬೇಕಿತ್ತು. ದೀಪಾವಳಿಯ ತನಕ ಲಾರಿ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುತ್ತೇನೆ ಎಂದು ನಯಾಜ ಹೇಳಿದ್ದ.

ಷೇರಿನ ಗೀಳು ಹತ್ತಿದ್ದು ಹಾವೇರಿಯಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ನಿಜಲಿಂಗಪ್ಪ ಸಾಹುಕಾರರಿಗೆ ಮೋಟೆಬೆನ್ನೂರಿನ ಹೊಲದಲ್ಲಿ ಬೋರ್ ಹೊಡೆಸಬೇಕಿತ್ತು. ಅದರ ಕಾಗದಕ್ಕೆಂದು ಇಬ್ಬರೂ ಜಿಲ್ಲಾ ಕಚೇರಿಗೆ ಹೋದರೆ ಸಾಹೇಬರು ಊಟಕ್ಕೆ ಎದ್ದಿದ್ದರು.

"ಬಿಸಲಾಗ ನಿಂತು ಒಣಗಾಕ ನಾವೇನು ಮೆಣಸಿನಕಾಯಿ ಏನಪಾ? ಬಾ, ಪ್ರವೀಣನ ಆಫೀಸಿನ್ಯಾಗ ಏಸಿ ಐತಿ" ಎಂದರು ಸಾಹುಕಾರರು.

ಪ್ರವೀಣಕುಮಾರ ಷೇರು ದಲಾಲಿ. ಮೆಟ್ಟಿಲು ಹತ್ತುತ್ತಲೇ ಸಾಹುಕಾರರು ಹೇಳಿದರು: "ಅಂವಾ ದಲಾಲಿ, ನಾ ದಲಾಲಿ, ನೀನೂ ದಲಾಲಿ. ಮೂರು ಮಂದಿ ಕೂಡಿದಮ್ಯಾಲೆ ಯಾರದರೆ ಮಾಲು ಮಾರಲಿಕ್ಕೇ ಬೇಕು."

ಪ್ರವೀಣಕುಮಾರನ ಪರದೆಯ ಮೇಲೆ ಹಸಿರು, ಕೆಂಪು ಅಂಕಿಗಳು ಓಡುತ್ತಿದ್ದವು. ಅದರಲ್ಲೊಂದಕ್ಕೆ ಅವನು ಬೆರಳಿಟ್ಟ. "ನೀಲಗರ್ಭ ಆಫ್‌ಶೋರ್. ಸಣ್ಣ ಕಂಪನಿ ರೀ ಸಾಹುಕಾರ. ಪೂರ್ವದ ಸಮುದ್ರದಾಗ ಎಣ್ಣಿ ಹುಡುಕಾಕತ್ತಾರ. ಇರೂದು ಒಂದ ಬಾವಿ. ಎಣ್ಣಿ ಸಿಕ್ಕರ ಹತ್ತು ಪಟ್ಟು. ಸಿಗಲಿಲ್ಲಂದ್ರ ರದ್ದಿ. ನಾ ಮೊದಲ ಹೇಳೇನಿ, ಆಮ್ಯಾಲೆ ನನ್ನ ಕಾಲರ್ ಹಿಡೀಬ್ಯಾಡ್ರಿ."

"ಸಮುದ್ರದಾಗ ಬಾವಿ ಹೆಂಗ ತೋಡ್ತಾರ್ರೀ ಸರ?" ಸಿದ್ದಲಿಂಗೇಶ ಕೇಳಿದ.

"ತೋಡೂದಲ್ಲ, ಕೊರಿಯೂದು. ರಿಗ್ ಹಚ್ಚಿ."

ಸಿದ್ದಲಿಂಗೇಶ ಕುರ್ಚಿಯನ್ನು ದರದರ ಎಳೆದುಕೊಂಡು ಪರದೆಯ ಮುಂದೆ ಬಂದ. ಎಷ್ಟು ಫೂಟ್? ಹನ್ನೊಂದು ಸಾವಿರದ ಮೇಲೆ. ಫೂಟಿಗೆ ಎಷ್ಟು ರೇಟ್? ಫೂಟಿನ ಲೆಕ್ಕವಿಲ್ಲ, ರಿಗ್ಗಿಗೆ ದಿನದ ಬಾಡಿಗೆ, ಕೋಟಿಯ ಮಾತು. ಕೇಸಿಂಗ್ ಪೈಪ್ ಎಲ್ಲಿಯ ತನಕ? ಪ್ರವೀಣಕುಮಾರನಿಗೆ ಗೊತ್ತಿರಲಿಲ್ಲ. ಏಜೆಂಟ್ ಯಾರು? ಅದೂ ಗೊತ್ತಿರಲಿಲ್ಲ.

"ಏನೂ ಗೊತ್ತಿಲ್ಲದ ಮಾರಾಕ ಕುಂತೀರಲ್ರೀ!" ಸಿದ್ದಲಿಂಗೇಶ ನಕ್ಕ. ಜೀವನದಲ್ಲಿ ಮೊದಲ ಸಲ ಏಸಿ ಕೋಣೆಯೊಂದರಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನು ಅವನಾಗಿದ್ದ.

ಅಲ್ಲೇ ಮೊಬೈಲಿಗೆ ಮುಖ ತೋರಿಸಿ, ಹೇಳಿದಾಗ ಕಣ್ಣು ಮಿಟುಕಿಸಿ ಖಾತೆಗೆ ಅರ್ಜಿ ಹಾಕಿದ. ಖಾತೆ ತೆರೆದ ದಿನ ಮತ್ತೆ ಹಾವೇರಿಗೆ ಹೋಗಿ, ಹದಿನೈದು ರೂಪಾಯಿಗೊಂದರಂತೆ ಮೂರು ಲಕ್ಷದ ಷೇರು ಕೊಂಡ. ಬೋರ್ ಶುರು ಮಾಡುವಾಗ ಮಾಡುವಂತೆ ಪ್ರವೀಣಕುಮಾರನ ಮೆಟ್ಟಿಲ ಮೇಲೆ ತೆಂಗಿನಕಾಯಿ ಒಡೆದ. ಸಾಹುಕಾರರೂ ಅಷ್ಟೇ ಕೊಂಡರು. ಕಾಯಿಯ ದೊಡ್ಡ ಹೋಳು ಅವರೇ ತಿಂದರು.

"ಮೂರು ಅಂದ್ರ ಮೂರ" ಎಂದಳು ಭುವನಾ. "ಉಳಿದಿದ್ದು ಮುಟ್ಟಿದ್ರ ನೋಡ್ರಿ ಮತ್ತ."

ಮುಟ್ಟಿದ. ಷೇರು ಇಪ್ಪತ್ತಾದಾಗ ಉಳಿದ ಆರು ಲಕ್ಷವನ್ನೂ ಹಾಕಿದ. ಅವಳಿಗೆ ಹೇಳಿದ್ದು ಇಪ್ಪತ್ತೆರಡಾದ ಮೇಲೆ. ಅಷ್ಟು ಹೊತ್ತಿಗೆ ಎರಡು ಲಕ್ಷ ಲಾಭ ಕಾಣುತ್ತಿತ್ತು. ಭುವನಾ ಬೈಯಲು ಬಾಯಿ ತೆರೆದವಳು ಪರದೆ ನೋಡಿ, "ಇದು ಖರೇನ?" ಎಂದಳು. ಆ ಸಂಜೆ ಇಬ್ಬರೂ ಮನೆಯ ಮುಂದಿನ ಜಾಗವನ್ನು ಹೆಜ್ಜೆ ಹಾಕಿ ಅಳೆದರು. ರಿಗ್ ಲಾರಿಯ ಮೂತಿ ಎದುರು ಮನೆಯ ಸುಶೀಲವ್ವನ ಕಟ್ಟೆಗೆ ತಾಗುತ್ತಿತ್ತು.

"ಸುಶೀಲವ್ವನ ಕಟ್ಟಿ ತಗಸೂಣೇನು?" ಎಂದ ಸಿದ್ದಲಿಂಗೇಶ.

"ಮೊದಲ ನಿಮ್ಮ ಹೊಟ್ಟಿ ತಗಸ್ರಿ, ಜಾಗ ಆಕ್ಕೈತಿ" ಎಂದಳು ಭುವನಾ. ಲಾರಿಯ ಮೇಲೆ ಯಾವ ಹೆಸರು ಬರೆಸುವುದು ಎಂದು ಊಟದ ತನಕ ಜಗಳವಾಡಿದರು. ಅವಳ ಹೆಸರೇ ಎಂದು ತೀರ್ಮಾನವಾಯಿತು.

ಬ್ಯಾಡಗಿಯ ಮಾರ್ಕೆಟ್ ಯಾರ್ಡಿನಲ್ಲಿ ಸಿದ್ದಲಿಂಗೇಶನಿಗೆ ಈಗ ಖಾಯಂ ಕುರ್ಚಿ. ಕಂಪನಿ ಆಗಾಗ ಬಾವಿಯ ಸುದ್ದಿ ಪ್ರಕಟಿಸುತ್ತಿತ್ತು. ಮೊಬೈಲು ಅದನ್ನು ಕನ್ನಡಕ್ಕೆ ತಿರುಗಿಸುತ್ತಿತ್ತು. ಅರ್ಥ ಹೇಳುವವನು ಸಿದ್ದಲಿಂಗೇಶ.

"ಕೇಸಿಂಗ್ ಇಳಸಾಕತ್ತಾರ. ಕೇಸಿಂಗಿಗೆ ರೊಕ್ಕ ಸುರದ್ರು ಅಂದ್ರ ಬಾವಿ ಬಿಟ್ಟು ಹೋಗೂ ಮಾತಿಲ್ಲ."

ಮರುದಿನ ಷೇರು ಒಂದು ರೂಪಾಯಿ ಏರಿತು.

"ಕಲ್ಲು ಕೊರಿಯೂ ಬಿಟ್ ಬದಲ್ ಮಾಡ್ಯಾರ. ಕಲ್ಲು ಗಟ್ಟಿ ಬಂದೈತಿ. ಗಟ್ಟಿ ಕಲ್ಲಿನ ಕೆಳಗ ಇರತೈತಿ ಮಜಾ."

ಮತ್ತೂ ಏರಿತು. ಡಬ್ಬಿ ತಳಿಯ ಮೆಣಸಿನಕಾಯಿ ಚೀಲ ಹೊತ್ತ ಹಮಾಲರು ಸಹ ನಿಂತು ಕೇಳತೊಡಗಿದರು: "ಸಿದ್ದಣ್ಣಾ, ಸಮುದ್ರದ ಬೋರು ಎಲ್ಲಿಗೆ ಬಂತು?" ಘಾಟಿಗೆ ಸೀನದ ಯಾರ್ಡಿನ ಮಂದಿ ಷೇರಿನ ಹೆಸರಿಗೆ ಕಣ್ಣರಳಿಸುತ್ತಿದ್ದರು. ಕೆಲವರು ತಾವೂ ಕೊಂಡರು. ಕೊಂಡವರೆಲ್ಲ ಸಾಹುಕಾರರ ಅಂಗಡಿಗೆ ಬಂದು ಮೊಬೈಲಿನ ಸುತ್ತ ನಿಲ್ಲುತ್ತಿದ್ದರು, ಹೊಲದಲ್ಲಿ ರಿಗ್ಗಿನ ಸುತ್ತ ನಿಲ್ಲುವ ಹಾಗೆಯೇ, ಸೊಂಟದ ಮೇಲೆ ಕೈಯಿಟ್ಟು.

ಷೇರು ಇಪ್ಪತ್ನಾಲ್ಕು ಆಯಿತು. ಸಿದ್ದಲಿಂಗೇಶನ ಬಳಿ ಐವತ್ತು ಸಾವಿರ ಷೇರಿದ್ದವು. ಭುವನಾ ಬೆಳಗಿನ ಚಹಾ ಕೈಯಲ್ಲಿ ಹಿಡಿದೇ ಹೇಳಿದಳು: "ಹನ್ನೆರಡು ಲಕ್ಷ ಆತು. ಇಷ್ಟ ಬೇಕಾಗಿತ್ತು. ತಗದು ನಯಾಜಗ ಕೊಟ್ಟು ಬಿಡ್ರಿ."

"ಈಗ ಹೆಂಗ ತಗೀಲಿ? ಇನ್ನೂ ಬೋರು ನಡದೈತಿ. ಕಾಯಿ ಒಡದೇನಿ."

ಕಾಯಿ ಒಡೆದವರು ಕೊರೆಯುವ ರಾಡುಗಳು ಮೇಲೆ ಬರುವ ತನಕ ಜಾಗ ಬಿಡಬಾರದು. ಈ ಕಡೆ ಬೋರ್ ಹೊಡೆಸುವ ಎಲ್ಲರೂ ಹಾಗೆಯೇ ಮಾಡುತ್ತಾರೆ. ನಡುವೆ ಎದ್ದು ಹೋದರೆ ನೀರು ತಪ್ಪುತ್ತದೆ. ಎದ್ದು ಹೋದವರ ಕತೆಗಳನ್ನು ಸಿದ್ದಲಿಂಗೇಶನೇ ಗಿರಾಕಿಗಳಿಗೆ ಹೇಳಿ ಅವರನ್ನು ಬಿಸಿಲಲ್ಲಿ ಕೂರಿಸುತ್ತಿದ್ದ.

"ಅದು ನಮ್ಮ ಕಡೆ ಹೊಲ ಅಲ್ರೀ, ಸಮುದ್ರ. ನೀವು ಇಲ್ಲಿಂದ ಎದ್ರ ಅಲ್ಲಿ ಯಾರಿಗೆ ಗೊತ್ತಾಕ್ಕೈತಿ?" ಎಂದಳು ಭುವನಾ.

"ಭೂಮಿತಾಯಿಗೆ ಗೊತ್ತಾಕ್ಕೈತಿ."

"ಆಕಿಗೆ ನಿಮ್ಮದ ಒಂದು ಚಿಂತಿ ನೋಡ್ರಿ!"

ನಗು ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ಷೇರು ಇಪ್ಪತ್ತೆಂಟಾಯಿತು. ನಯಾಜ ಫೋನ್ ಮಾಡಿದ. "ಸಿದ್ದಣ್ಣಾ, ದೀಪಾವಳಿ ಮುಗೀತು. ಬೇರೆ ಪಾರ್ಟಿ ಬಂದು ಟೈರ್ ಒದ್ದು ನೋಡಿ ಹೋಗ್ಯಾರ. ಸೋಮವಾರ ನಿನ್ನ ಹನ್ನೆರಡು ಕೊಡದಿದ್ರ ಅವರು ಲಾರಿ ಒಯ್ತಾರ."

"ಹನ್ನೆರಡು ಯಾಕೋ ಮಾರಾಯಾ, ನೀ ಒಪ್ಪಿದ್ರ ಪೂರಾ ಲಾರಿ ನಾನ ತಗೋತೇನಿ. ನೀ ಡ್ರೈವರ್ ಆಗಿರು, ಪಗಾರ ಕೊಡತೇನಿ."

"ಸೋಮವಾರ" ಎಂದಷ್ಟೇ ಹೇಳಿ ನಯಾಜ ಫೋನ್ ಇಟ್ಟ.

ಬುಧವಾರ ಮೂವತ್ತೊಂದು ಆಯಿತು. ಹದಿನೈದೂವರೆ ಲಕ್ಷ. ಸಿದ್ದಲಿಂಗೇಶ ಹಾಡುತ್ತ ಬೈಕ್ ಓಡಿಸಿ ಮನೆಯ ತಿರುವು ದಾಟಿ ಮುಂದೆ ಹೋದ.

ಗುರುವಾರ ಬೆಳಿಗ್ಗೆ ಸಾಹುಕಾರರ ಅಂಗಡಿಯಲ್ಲಿ ಕೂತಿದ್ದಾಗ ಕಂಪನಿಯ ಪ್ರಕಟಣೆ ಬಂತು. ಸಿದ್ದಲಿಂಗೇಶ ಎದ್ದು ನಿಂತು ಗಟ್ಟಿಯಾಗಿ ಓದಿದ:

"ಬಾವಿ ಗುರಿಯ ಆಳ ತಲುಪಿದೆ. ಎಂಬತ್ತು ಮೀಟರ್ ದಪ್ಪದ, ಉತ್ತಮ ಗುಣಮಟ್ಟದ ಮರಳುಗಲ್ಲಿನ ಪದರ ದೊರೆತಿದೆ. ಪದರವು ನೀರಿನಿಂದ ತುಂಬಿದೆ. ಬಾವಿಯನ್ನು ಮುಚ್ಚಲಾಗುವುದು."

ಓದಿ ಮುಗಿಸಿದ್ದೇ ಸಿದ್ದಲಿಂಗೇಶ ಕುಣಿದ.

"ನೀರು ಬಿತ್ತು! ಸಾಹುಕಾರ್ರ, ಎಂಬತ್ತು ಮೀಟರ್ ನೀರು!"

ಹನ್ನೆರಡು ವರ್ಷ ಈ ಎರಡು ಶಬ್ದಕ್ಕಾಗಿ ಬಿಸಿಲಲ್ಲಿ ನಿಂತವನು ಅವನು. ಬೋರಿನ ಬಾಯಿಂದ ನೀರು ಚಿಮ್ಮಿದರೆ ಮುಗಿಯಿತು, ಯಜಮಾನ ಅಳುತ್ತಾನೆ, ಹೆಂಗಸರು ನಗುತ್ತಾರೆ, ಕಮಿಷನ್ ಚೌಕಾಸಿಯಿಲ್ಲದೆ ಬರುತ್ತದೆ. ಆ ಶಬ್ದದ ಜೊತೆ ದುಃಖವನ್ನು ಅವನು ಎಂದೂ ಕಂಡಿರಲಿಲ್ಲ. ಅವನಷ್ಟೇ ಅಲ್ಲ, ಅಂಗಡಿಯಲ್ಲಿದ್ದ ಯಾರೂ ಕಂಡಿರಲಿಲ್ಲ.

"ಆದ್ರ ಎಣ್ಣಿ?" ಎಂದ ಮೂಲೆಯಲ್ಲಿದ್ದ ಒಬ್ಬ ವ್ಯಾಪಾರಿ.

"ಎಣ್ಣಿ ನೀರಿನ ಮ್ಯಾಲೆ ತೇಲತೈತಿ ಇಲ್ಲೋ?" ಸಾಹುಕಾರರು ಅವನನ್ನು ಗದರಿದರು. "ನಿಮ್ಮನಿ ಸಾರಿನ್ಯಾಗ ಒಗ್ಗರಣಿ ತಳಕ್ಕ ಹೋಗತೈತೇನು? ಕೆಳಗ ನೀರು ಇಷ್ಟೈತಿ ಅಂದ್ರ ಮ್ಯಾಲೆ ಎಣ್ಣಿ ಎಷ್ಟಿರಬೇಕು!"

"ಮತ್ತ ಬಾವಿ ಮುಚ್ಚತಾರಂತಲ್ಲ?"

"ಮುಚ್ಚದ ಏನ್ ಮಾಡ್ತಾರ?" ಈಗ ಸಿದ್ದಲಿಂಗೇಶನ ಸರದಿ. "ಮೋಟರ್ ಇಳಸೂ ತನಕ ನಾವೂ ಕ್ಯಾಪ್ ಹಾಕಿ ಮುಚ್ಚಂಗಿಲ್ಲೇನು? ಹಂಗ ಬಿಟ್ರ ಯಾರರ ಬಿದ್ದಾರು!"

ಸಾಹುಕಾರರು ಪೇಡೆ ತರಿಸಿದರು. ನೀರು ಬಿದ್ದ ಮೇಲೆ ಗಂಗಾಪೂಜೆ ಆಗಲೇಬೇಕು. ಬಾವಿ ದೂರವಿದ್ದದ್ದರಿಂದ ಮೊಬೈಲನ್ನು ಮೆಣಸಿನಕಾಯಿ ಚೀಲದ ಮೇಲೆ ಒರಗಿಸಿ, ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಹಮಾಲನೊಬ್ಬ ಕಾಯಿ ಒಡೆದ. ಯಾರೋ ಪೇಡೆಯನ್ನು ಮೊಬೈಲಿಗೂ ತೋರಿಸಿದರು.

ಕುಂಕುಮ ಒರೆಸಿ ನೋಡಿದಾಗ ಷೇರು ಇಪ್ಪತ್ನಾಲ್ಕು ರೂಪಾಯಿ ಎಂಬತ್ತು ಪೈಸೆಗೆ ಬಿದ್ದಿತ್ತು.

"ಪೂರ್ತಿ ಓದಲಾರದ ಹೆದರಿ ಮಾರಾಕತ್ತಾವು ಹುಚ್ಚ ಮಂದಿ" ಎಂದರು ಸಾಹುಕಾರರು. "ಇಂಥಾ ಹೊತ್ತಿನ್ಯಾಗ ಮಾಲು ಹಿಡೀಬೇಕು. ಹಿಡದ ನಾನು ಮನಿ ಕಟ್ಟಿಸೇನಿ."

ಸಿದ್ದಲಿಂಗೇಶ ಖಾತೆಯಲ್ಲಿ ಉಳಿದದ್ದನ್ನು ಕೆರೆದು ಇನ್ನೆರಡು ಸಾವಿರ ಷೇರು ಕೇಳಿದ. ಕೇಳಿದ್ದೇ ತಡ, ಸಿಕ್ಕವು. ಇಷ್ಟು ಸುಲಭವಾಗಿ ಯಾವುದೂ ಅವನಿಗೆ ಸಿಕ್ಕಿರಲಿಲ್ಲ. ಪೇಡೆ ಬಾಯಲ್ಲಿಟ್ಟುಕೊಂಡೇ ಭುವನಾಳಿಗೆ ಫೋನ್ ಮಾಡಿದ. ಅತ್ತ ಕಡೆ ಪ್ಯಾಕಿಂಗ್ ಯಂತ್ರದ ಸದ್ದಿತ್ತು.

"ಭುವನಾ, ನೀರು ಬಿತ್ತು! ಎಂಬತ್ತು ಮೀಟರ್!"

"ಅವರು ಹುಡುಕಾಕತ್ತಿದ್ದು ಏನ್ರಿ?"

"ಎಣ್ಣಿ."

"ಸಿಕ್ಕಿದ್ದು?"

"ನೀರು."

ಅತ್ತ ಭುವನಾ ಯಂತ್ರ ನಿಲ್ಲಿಸಿದಳು.

"ಸಮುದ್ರದಾಗ ನೀರು ಸಿಗಾಕ ಬೋರು ಹೊಡಸಬೇಕೇನ್ರಿ?"

ಸಿದ್ದಲಿಂಗೇಶ ಪೇಡೆ ನುಂಗಿದ. ಪ್ರವೀಣಕುಮಾರನಿಗೆ ಫೋನ್ ಮಾಡಿದ.

"ಎಲ್ಲಿದ್ರಿ ನೀವು? ಬೆಳಗಿನಿಂದ ಹತ್ತು ಸಲ ಹಚ್ಚೇನಿ, ಎತ್ತಲಿಲ್ಲ."

"ಪೂಜಿ ಮಾಡಾಕತ್ತಿದ್ವಿ."

"ಯಾರಿಗೆ?"

"ಫೋನಿಗೆ."

ಪ್ರವೀಣಕುಮಾರ ಉಸಿರು ಬಿಟ್ಟ. ಎಣ್ಣೆ ಇರಬೇಕಾದ ಕಲ್ಲಿನಲ್ಲಿ ನೀರಿದೆ, ಅಂದರೆ ಎಣ್ಣೆ ಇಲ್ಲ, ಬಾವಿ ಸತ್ತಿತು, ಕಂಪನಿಗೆ ಇದ್ದದ್ದು ಅದೊಂದೇ ಬಾವಿ, ಎಂದು ವಿವರಿಸಿದ.

"ಹಂಗಾರ ಎಲ್ಲಾ ಮಾರಿ ಬಿಡ್ರಿ ಸರ. ಇಪ್ಪತ್ನಾಲ್ಕಕ್ಕ ಮಾರಿದ್ರೂ ನನ್ನ ಹನ್ನೆರಡು ಬರ್ತಾವು."

"ಯಾರಿಗೆ ಮಾರೂದು? ಷೇರು ಮಾರ್ಕೆಟ್ಟಿನ ನಿಯಮದಾಗ ಇವತ್ತಿನ ಮಟ್ಟಿಗೆ ಇದಕ್ಕಿಂತ ಕೆಳಗ ರೇಟ್ ಇಳಿಯಂಗಿಲ್ಲ, ಈ ರೇಟಿಗೆ ಕೊಳ್ಳಾವ್ರು ಯಾರೂ ಇಲ್ಲ. ಇವತ್ತು ಇಡೀ ದೇಶದಾಗ ಅದನ್ನ ಕೊಂಡವರು ನೀವ ಕಾಣತೈತಿ."

ಶುಕ್ರವಾರ ಷೇರು ಮಾರುಕಟ್ಟೆ ಬಾಗಿಲು ತೆರೆಯುವುದರೊಳಗೆ ಮತ್ತಷ್ಟು ಬಿತ್ತು. ಮಾರುವವರ ಸಾಲು ಉದ್ದವಿತ್ತು, ಕೊಳ್ಳುವವರಿರಲಿಲ್ಲ. ಯಾರ್ಡಿನಲ್ಲಿ ಜನ ಸಾಹುಕಾರರ ಅಂಗಡಿಯ ಮುಂದೆ ಹಾಯುವಾಗ "ನೀರು ಬಂತೇನ್ರೀ?" ಎಂದು ಕೂಗಿ ನಗುತ್ತಿದ್ದರು. ಸಾಹುಕಾರರೂ ನಕ್ಕರು, ಅವರಿಗೆ ಇನ್ನೊಂದು ಅಂಗಡಿಯಿತ್ತು. ಸೋಮವಾರ ನಯಾಜ ಸಂಜೆಯ ತನಕ ಕಾದು, ಬೇರೆ ಪಾರ್ಟಿಗೆ ಒಪ್ಪಿ, ಅವರದೇ ಲಾರಿಗೆ ಡ್ರೈವರ್ ಆಗಿ ಸೇರಿಕೊಂಡ. ಮೋಟೆಬೆನ್ನೂರಿನ ಹೊಲದ ಬೋರಿಗೆ ಆ ಲಾರಿಯನ್ನೇ ಸಿದ್ದಲಿಂಗೇಶ ಕರೆಸಿದ. ಕಮಿಷನ್ ತೆಗೆದುಕೊಂಡ.

ಭುವನಾ ಒಂದು ವಾರ ಅವನೊಡನೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಸಂಬಳವನ್ನು ಬೇರೆ ಬ್ಯಾಂಕಿಗೆ ಹಾಕಿಸಿಕೊಳ್ಳುತ್ತಿದ್ದೇನೆ ಎಂದಳು.

ತಿಂಗಳು ಕಳೆದ ಮೇಲೆ ಕೊಳ್ಳುವವರು ಕಾಣಿಸಿಕೊಂಡರು. ಐವತ್ತೆರಡು ಸಾವಿರ ಷೇರುಗಳನ್ನು ಸಿದ್ದಲಿಂಗೇಶ ಎರಡು ರೂಪಾಯಿ ಅರವತ್ತು ಪೈಸೆಗೆ ಮಾರಿದ. ಹಾಕಿದ್ದು ಒಂಬತ್ತು ಲಕ್ಷ ನಲವತ್ತೊಂಬತ್ತು ಸಾವಿರದ ಆರುನೂರು. ಬಂದದ್ದು ಒಂದು ಲಕ್ಷ ಮೂವತ್ತೈದು ಸಾವಿರದ ಇನ್ನೂರು. ಹೋದದ್ದು ಎಂಟು ಲಕ್ಷ ಹದಿನಾಲ್ಕು ಸಾವಿರದ ನಾನೂರು ರೂಪಾಯಿ ಮತ್ತು ಅರ್ಧ ರಿಗ್.