ನೊಣವಿಲ್ಲದ ಹಿತ್ತಲು

ಆಂಡರ್ಸನ್‌ಪೇಟೆಯ ಒಂದು ಮನೆಯ ಮೇಲೆ ಚಿನ್ನ ಕದ್ದ ಗುಮಾನಿ ಬಂದದ್ದು, ಆ ಮನೆಯ ಹಿತ್ತಲಲ್ಲಿ ನೊಣ ಇರಲಿಲ್ಲವೆಂಬ ಕಾರಣಕ್ಕೆ.

1930ರ ಆಸುಪಾಸಿನ ಮಾತು. ಮುನಿರತ್ನಮ್ಮ ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದಳು. ಗಂಡ ಕೋದಂಡಪ್ಪ ಚಿನ್ನದ ಗಣಿಗೆ ಇಳಿಯುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಮೊದಲ ಮಗು ವಾಂತಿಭೇದಿಯಿಂದ ಹೋದಮೇಲೆ ಅವಳು ನೊಣಗಳ ಮೇಲೆ ಹಗೆ ಸಾಧಿಸತೊಡಗಿದ್ದಳು. ಸಗಣಿ ಬಿದ್ದ ಕೂಡಲೇ ಗುಂಡಿಗೆ ಹಾಕಿ, ಮೇಲೆ ಮಣ್ಣೆಳೆದು, ಸುಣ್ಣದ ಪುಡಿ ಉದುರಿಸುವಳು. ಗಂಜಲ ಹರಿಯುವಲ್ಲಿ ಬೂದಿ. ಹುಳು ಕಂಡಲ್ಲಿಗೆ ಕೋಳಿಗಳನ್ನು ಅಟ್ಟುವಳು. ಈಗಿನ ಕೂಸು ಮುಖದ ಮೇಲೆ ಒಂದೂ ನೊಣವಿಲ್ಲದೆ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು.

ಪಕ್ಕದ ಮನೆಯ ಪಾಪಕ್ಕ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ನೋಡುವುದೇ ಅವಳ ಕಸುಬು.

"ಏನ್ ರತ್ನಮ್ಮ, ನಿಮ್ ಇತ್ಲಲ್ಲಿ ಒಂದ್ ನೊಣಾನೂ ಇಲ್ವಲ್ಲೇ?"

"ಎಲ್ಲಾ ಬಿಡಾರ ಕಿತ್ಕೊಂಡು ನಿಮ್ಮನೇಗೆ ಬಂದವೆ ಕಣಕ್ಕ. ಸಂದಾಗಿ ನೋಡ್ಕೋ."

ಮಾತು ನಿಜವಾಗಿತ್ತು, ಆದ್ದರಿಂದಲೇ ಪಾಪಕ್ಕನಿಗೆ ಉರಿಯಿತು. ಸಂಜೆ ನಲ್ಲಿಯ ಹತ್ತಿರ ಅವಳು ಬೇರೆ ಲೆಕ್ಕ ಬಿಚ್ಚಿದಳು. ಚಿನ್ನ ತೆಗೆದು ಉಳಿದ ಮಣ್ಣು ಸುರಿಯುವ ಸೈನೈಡ್ ದಿಬ್ಬ ಇದೆಯಲ್ಲ, ಅಲ್ಲಿ ಹುಲ್ಲು ಹುಟ್ಟದು, ನೊಣ ಕೂರದು. "ಕದ್ದ ಕಲ್ಲಿಂದ ಮನೇಲೇ ಬಂಗಾರ ತೆಗೆಯೋಕೂ ಅದೇ ವಿಸ ಬೇಕಂತೆ. ದಿನಾ ಗುಂಡಿ ತೆಗೆಯೋದೇನು, ಬಿಳೀ ಪುಡಿ ಉದ್ರಿಸೋದೇನು, ಮುಚ್ಚೋದೇನು! ನಂಗ್ಯಾಕಪ್ಪ?"

'ನಂಗ್ಯಾಕಪ್ಪ' ಎಂದು ಮುಗಿಯುವ ಮಾತು ಬಹಳ ದೂರ ಹೋಗುತ್ತದೆ. ಇದು ಗಣಿಯ ಕಾವಲು ಜಮಾದಾರ ಆರುಮುಗಂನ ಕಿವಿಗೆ ಹೋಯಿತು. ಸಂಶಯ ತೀರುವವರೆಗೆ ಕೆಲಸಕ್ಕೆ ಇಳಿಯಬೇಡವೆಂದು ಕೋದಂಡಪ್ಪನಿಗೆ ಅಪ್ಪಣೆಯಾಯಿತು. ಕಳ್ಳನೆಂದು ಹೆಸರು ನಿಂತರೆ ಕೆಲಸವೂ ಇಲ್ಲ, ಮೇಲೆ ಜೈಲು.

ಜಮಾದಾರ ಹಾರೆ ಹಿಡಿದ ಇಬ್ಬರು ಆಳುಗಳೊಡನೆ ಹಿತ್ತಲಿಗೆ ಬಂದ.

"ಎನ್ನಮ್ಮಾ, ಗುಂಡಿಲಿ ಏನು?"

"ಸಗಣಿ ಅಣ್ಣಾ."

"ಸಗಣಿನ ಯಾರಾದ್ರೂ ಊತಿಡ್ತಾರಾ?"

"ಮತ್ತೆ, ತಲೆ ಮೇಲೆ ಒತ್ಕೊಂಡು ಮೆರೀತಾರಾ?"

ಜಮಾದಾರ ಮಡಕೆಯಲ್ಲಿದ್ದ ಬಿಳಿ ಪುಡಿಯತ್ತ ಕೋಲು ತೋರಿಸಿದ, ತಾಗಿಸಲಿಲ್ಲ. ಸುಣ್ಣ ಎಂದಳು. ನಂಬುವುದು ಅವನ ಕೆಲಸವಲ್ಲ. ಮುನಿರತ್ನಮ್ಮ ಸೊಂಟದ ಸಂಚಿ ಬಿಚ್ಚಿ ಎಲೆ ತೆಗೆದು, ಮಡಕೆಯ ಪುಡಿ ಒಂದು ಚಿಟಿಕೆ ಸವರಿ, ಅಡಿಕೆ ಸೇರಿಸಿ ಬಾಯಿಗಿಟ್ಟಳು. ಜಮಾದಾರ, ಆಳುಗಳು, ಬೇಲಿಯ ಮೇಲಿನ ಪಾಪಕ್ಕನ ತಲೆ, ಎಲ್ಲರೂ ಅವಳು ಬೀಳುವುದನ್ನು ಕಾದರು. ಅವಳು ನಿಧಾನವಾಗಿ ಅಗಿದು ಬೇಲಿಯ ಕಡೆಗೆ ಪಿಚಕ್ಕನೆ ಉಗಿದಳು.

"ಸುಣ್ಣ ಸರಿ," ಎಂದ ಜಮಾದಾರ, ಕೊಂಚ ನಿರಾಶೆಯಿಂದ. "ಅಗೀರಿ."

ಅಗೆದರು. ಸಗಣಿ ಸಿಕ್ಕಿತು. ಅದರ ಕೆಳಗೆ ಹಳೆಯ ಸಗಣಿ ಸಿಕ್ಕಿತು.

"ಏನೂ ಸಿಗಲಿಲ್ಲ ಅಂದ್ರೆ ಬಲೇ ಕಿಲಾಡಿ ಕೈ ಇರ್ಬೇಕು," ಎಂದ ಅವನು. "ಗುಂಡಿ ಮುಚ್ಬೇಡಮ್ಮಾ. ಮತ್ತೆ ಬರ್ತೀನಿ. ವಿಸ ಇಲ್ದಿದ್ರೆ ನೊಣ ಬರ್ತದಲ್ಲ, ನೋಡೋಣ."

ತೆರೆದ ಗುಂಡಿ ಬಿಸಿಲಿಗೆ ನಾರಿತು. ನೊಣಗಳು ದಂಡುಕಟ್ಟಿ ಬಂದವು. ಮುನಿರತ್ನಮ್ಮ ಕೂಸನ್ನು ಸೆರಗಿನಲ್ಲಿ ಮುಚ್ಚಿ ಮಡಿಲಲ್ಲಿಟ್ಟುಕೊಂಡೇ ಹಾಲು ಕರೆದಳು. ಜಮಾದಾರ ಮತ್ತೆ ಬಂದಾಗ ಒಂದು ನೊಣ ಅವನ ಮೀಸೆಯ ಮೇಲೆ ಕೂತಿತು. ಅವನು ಅದನ್ನು ಓಡಿಸಲಿಲ್ಲ. ಸಾಕ್ಷಿಯ ಹೇಳಿಕೆ ಕೇಳುವವನಂತೆ ನಿಂತ.

"ಸರಿಮ್ಮಾ. ಯೋಗ್ಯರ ಮನೆ," ಎಂದ. ಕೋದಂಡಪ್ಪನಿಗೆ ಕೆಲಸಕ್ಕೆ ಬರಹೇಳಿದರು.

ಜಮಾದಾರ ಮರೆಯಾದ ಕೂಡಲೇ ಅವಳು ಗುಂಡಿ ಮುಚ್ಚಿದಳು. ಮರುದಿನ ಮನೆಯ ಮುಂದೆ, ಬೀದಿಯವರಿಗೆ ಕಾಣುವಂತೆ, ಕರಟದಲ್ಲಿ ಬೆಲ್ಲದ ನೀರಿಟ್ಟಳು. ನೊಣಗಳು ಮುತ್ತಿದವು.

"ಬೆಲ್ಲ ದಂಡ ಅಲ್ವೇನೇ?" ಎಂದ ಕೋದಂಡಪ್ಪ.

"ನೋಡೋರ್ ಕಣ್ಣಿಗೆ ಈಟಾದ್ರೂ ನೊಣ ಬೇಕು. ನೀನ್ ಓಗಯ್ಯ, ಶಿಫ್ಟಿಗೆ ಒತ್ತಾಯ್ತು."

ಪಾಪಕ್ಕ ಕರಟವನ್ನು ಬಹಳ ಹೊತ್ತು ನೋಡಿದಳು. ನೊಣಕ್ಕೆ ಬೆಲ್ಲ ಹಾಕುವಷ್ಟು ದುಡ್ಡು ಇವರಿಗೆ ಎಲ್ಲಿಂದ ಬಂತು ಎಂದುಕೊಳ್ಳುತ್ತ, ಖಾಲಿ ಕೊಡ ಎತ್ತಿಕೊಂಡು ನಲ್ಲಿಯ ಕಡೆಗೆ ಹೊರಟಳು.